ಗೋಡೆಯ ಕ್ಯಾಲೆಂಡರಿನಲ್ಲಿದ್ದ ಮುಯ್ಯಾಳು ಲೆಕ್ಕ

ಹೊಸನಗರ ತಾಲ್ಲೂಕಿನ ಒಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ನಾನು 22 ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಕಾಗದದಲ್ಲಿ ನನ್ನ ಹುದ್ದೆಗೆ ಉದ್ದದ ಹೆಸರಿದ್ದರೂ ಸದಸ್ಯರಿಗೆ ನಾನು ಇಂದಿಗೂ ಸೆಕ್ರೆಟರಿಯೇ. ಪಹಣಿಯಲ್ಲಿ ಎಷ್ಟು ಎಕರೆ, ಅದರಲ್ಲಿ ತೋಟವೆಷ್ಟು, ಗದ್ದೆಯೆಷ್ಟು, ಹಳೆಯ ಬಾಕಿ ಏನಿದೆ, ಜಾಮೀನಿಗೆ ಯಾರಿದ್ದಾರೆ ಎಂಬುದನ್ನೆಲ್ಲ ನೋಡಿ ಒಂದು ಮನೆಯ ಶಕ್ತಿಯನ್ನು ಅಳೆಯುವುದು ನನ್ನ ನಿತ್ಯದ ಕೆಲಸ. ಆ ಮನೆಯವರು ಎಷ್ಟು ಚೆನ್ನಾಗಿ ಬದುಕುತ್ತಿದ್ದಾರೆ ಎಂಬುದಕ್ಕೂ ಇದೇ ಅಳತೆ ಸಾಕು ಎಂದು ಬಹಳ ಕಾಲ ನಂಬಿದ್ದೆ. ಗಡುವಿಗೆ ತೀರದೆ ಸುಸ್ತಿಯಾಗಬಹುದಾದ ಒಂದು ಸಾಲದ ಬಗ್ಗೆ ವಿಚಾರಿಸಲು ಹೋದ ದಿನ ಆ ನಂಬಿಕೆ ಸಡಿಲವಾಯಿತು.

ಅದು ಒಂದೂಕಾಲು ಎಕರೆ ಅಡಿಕೆ ತೋಟದ ಮನೆ. ಮಳೆಗಾಲದ ಆರಂಭದಲ್ಲಿ ಯಜಮಾನರು ತೋಟದ ಸಂಕದ (ಕಾಲುಸೇತುವೆಯ) ಮೇಲೆ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದರು, ಮಗ ಬೆಂಗಳೂರಿನಲ್ಲಿದ್ದ. ಮಲೆನಾಡಿನಲ್ಲಿ ಇಂಥ ಹೊತ್ತಿನಲ್ಲಿ ಮಲಗುವುದೆಂದರೆ ಏನೆಂದು ಅಡಿಕೆ ಬೆಳೆದವರಿಗೆ ಗೊತ್ತು. ಕೊಳೆ ರೋಗಕ್ಕೆ ಮಳೆ ಹಿಡಿಯುವ ಮೊದಲೊಮ್ಮೆ, ಮತ್ತೆ 40–45 ದಿನಗಳಿಗೊಮ್ಮೆ ಬೋರ್ಡೋ ದ್ರಾವಣ ಹೊಡೆಯಬೇಕು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಅಷ್ಟನ್ನು ಹೊಂದಿಸುವುದು ಕಷ್ಟವಲ್ಲ. ಮಳೆ ಹೊಳವಾದ ಒಂದೆರಡು ದಿನಗಳಲ್ಲೇ ಮರ ಹತ್ತಿ ಪ್ರತಿ ಅಡಿಕೆ ಗೊನೆಗೂ ಹೊಡೆದು ಮುಗಿಸುವ ಜನ ಸಿಗುವುದು ಕಷ್ಟ. ಆ ಹೊಳವು ತಪ್ಪಿದರೆ ಹಸಿರು ಕಾಯಿ ಕೊಳೆತು ಬುಡದಲ್ಲಿ ಹಾಸಿಕೊಂಡು ಬಿದ್ದಿರುತ್ತದೆ. ಆ ಮನೆಯ ಫಸಲು ಹೋಯಿತೆಂದೇ ನಾನು ಲೆಕ್ಕ ಹಾಕಿದ್ದೆ. ಸಂಘದ ಬೆಳೆ ಸಾಲಕ್ಕೆ ಬಡ್ಡಿಯಿಲ್ಲ, ನಿಜ. ಆದರೆ ಗಡುವಿನೊಳಗೆ ಕಟ್ಟದವರಿಗೆ ಆ ರಿಯಾಯಿತಿ ತಪ್ಪುತ್ತದೆ.

ನವೆಂಬರಿನ ಒಂದು ಸಂಜೆ ಅಲ್ಲಿಗೆ ಹೋದಾಗ ಅಂಗಳದ ದೀಪದ ಕೆಳಗೆ ಹದಿನಾಲ್ಕು ಜನ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಿದ್ದರು. ಹಿಂಬದಿಯ ಒಲೆಯ ಮೇಲೆ ಹಂಡೆಯಲ್ಲಿ ಅಡಿಕೆ ಬೇಯಿಸುವ ಬಣ್ಣದ ನೀರು, ಚೊಗರು, ಕುದಿಯುತ್ತಿತ್ತು. ಕೊಯ್ದ ಹಸಿ ಅಡಿಕೆಯನ್ನು ತಡಮಾಡದೆ ಸುಲಿದು ಬೇಯಿಸದಿದ್ದರೆ ಕೆಂಪಡಿಕೆಯ ಬಣ್ಣವೂ ಬೆಲೆಯೂ ಕೆಡುತ್ತವೆ. ಆದ್ದರಿಂದ ಒಂದೇ ರಾತ್ರಿಗೆ ಅಷ್ಟು ಕೈಗಳು ಬೇಕು. ಔಷಧಿ ಹೊಡೆದವರು ಯಾರು, ಕೂಲಿಗೆ ದುಡ್ಡು ಎಲ್ಲಿಂದ ಬಂತು ಎಂದು ನಾನು ಕೇಳಿದೆ. ಮನೆಯ ಅಮ್ಮ ಮಾತನಾಡದೆ ಜಗಲಿಯ ಗೋಡೆಯಲ್ಲಿದ್ದ ಕ್ಯಾಲೆಂಡರಿನ ಹಾಳೆಗಳನ್ನು ಹಿಂದಕ್ಕೆ ಮಗುಚಿ ಜುಲೈ ತಿಂಗಳನ್ನು ತೋರಿಸಿದರು. ಎರಡು ತಾರೀಕುಗಳ ಚೌಕದಲ್ಲಿ ಪೆನ್ಸಿಲ್ಲಿನ ಸಣ್ಣ ಗೆರೆಗಳು, ಪಕ್ಕದಲ್ಲಿ ಮನೆಯ ಹೆಸರುಗಳು: ಮೇಲಿನಮನೆ ಎರಡು, ಹೊಳೆಬದಿ ಒಂದು, ಕೆಳಗಿನಕೇರಿ ಮೂರು. ಅದು ಮುಯ್ಯಾಳು ಲೆಕ್ಕ: ಕೂಲಿಯಿಲ್ಲದೆ ಒಬ್ಬರ ಮನೆಯ ಕೆಲಸಕ್ಕೆ ಬಂದ ಆಳಿಗೆ ಬದಲಾಗಿ ಅವರ ಮನೆಯ ಕೆಲಸಕ್ಕೆ ಆಳು ಹೋಗುವುದು.

"ಇಷ್ಟೂ ಆಳು ತೀರ್ಸೋದು ಯಾವಾಗ್ಲಮ್ಮ?" ಎಂದೆ.

"ತೀರ್ಸ್ತೀವಿ ಸೆಕ್ರೆಟ್ರಿಯೋರೆ, ಅವ್ರ ಮನೇಲಿ ಕೆಲ್ಸ ಬಂದಾಗ. ಇದು ನಿಮ್ಮ ಸೊಸೈಟಿ ಸಾಲ ಇದ್ದಂಗಲ್ಲ. ಗಡಿಬಿಡಿ ಮಾಡಿ ತೀರ್ಸಿದ್ರೆ ಬೇಜಾರು ಮಾಡ್ಕತಾರೆ, ನಮ್ಮ ಋಣ ಬೇಡ್ವೇನೋ ಇವ್ರಿಗೆ ಅಂತ."

ದಿನವೂ ವಸೂಲಾತಿಯ ಮಾತಾಡುವ ನನಗೆ ಆ ಮಾತು ಅರಗಲು ತಿಂಗಳುಗಳೇ ಬೇಕಾದವು. ಬಾಕಿ ಉಳಿದಿರುವುದೇ ಎರಡು ಮನೆಗಳ ನಡುವಿನ ದಾರಿಯನ್ನು ಸವೆಯಲು ಬಿಡುತ್ತದೆ, ಹುಲ್ಲು ಬೆಳೆಯಲು ಬಿಡುವುದಿಲ್ಲ ಎಂದು ಅವರು ಹೇಳುತ್ತಿದ್ದರು. ನಮ್ಮ ಸಂಘದ ಹೆಸರಿನಲ್ಲೇ ಪತ್ತು ಎಂಬ ಪದವಿದೆ; ಸಾಲವೆಂದೂ ನಂಬಿಕೆಯೆಂದೂ ಅದರ ಅರ್ಥ. ಅದರ ಒಂದು ಭಾಗವನ್ನಷ್ಟೇ ನಾನು ಕಡತಕ್ಕೆ ಸೇರಿಸುತ್ತ ಬಂದಿದ್ದೆ.

ಹಣ ಮುಖ್ಯವಲ್ಲ ಎಂದು ನಾನು ಹೇಳುವುದಿಲ್ಲ; ಸಾಲದ ಮೇಜಿನ ಈಚೆ ಕುಳಿತವನು ಹಾಗೆ ಹೇಳಿದರೆ ಅದು ಅನ್ಯಾಯವಾಗುತ್ತದೆ. ಆಸ್ಪತ್ರೆಯ ಒಂದು ಬಿಲ್ಲಿಗಾಗಿ ತೋಟದ ಅಂಚನ್ನು ಮಾರಿದವರನ್ನು ಕಂಡಿದ್ದೇನೆ. ನಿಂತುಹೋಗಿದ್ದ, ಸಹಕಾರ ಸಂಘದ ಸದಸ್ಯರಿಗೆ ಚಿಕಿತ್ಸೆಯ ನೆರವು ಕೊಡುವ ಯಶಸ್ವಿನಿ ಯೋಜನೆ 2022ರಲ್ಲಿ ಮತ್ತೆ ಆರಂಭವಾದಾಗ, ನಾಲ್ವರ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ಎಂದು ತಿಳಿದು ನೋಂದಣಿಗೆ ಬಂದ ಸದಸ್ಯರ ಮುಖದಲ್ಲಿದ್ದ ನೆಮ್ಮದಿಯನ್ನು ಮರೆತಿಲ್ಲ. ಹಣವಿಲ್ಲದ ಭಯ ಮನುಷ್ಯನ ನಿದ್ದೆಯನ್ನು ತಿನ್ನುತ್ತದೆ. ಆ ಭಯ ನೀಗುವಷ್ಟು ಹಣ ಎಲ್ಲರಿಗೂ ಬೇಕು, ಅದನ್ನು ಒದಗಿಸಲೆಂದೇ ನಾನು ದುಡಿಯುತ್ತೇನೆ.

ಆದರೆ ನನ್ನ ಬದುಕಿನಲ್ಲಿ ಆ ಭಯ ನೀಗಿದ ಮೇಲೂ ಒಂದು ಕೊರತೆ ಉಳಿದಿತ್ತು. ಶಿವಮೊಗ್ಗದಲ್ಲಿ ಮನೆ ಕಟ್ಟಿಸಿದ್ದೆ, ಠೇವಣಿಯೂ ಇತ್ತು. ಹೆಂಡತಿಗೆ ಶಸ್ತ್ರಚಿಕಿತ್ಸೆಯಾದಾಗ ಬಿಲ್ಲು ಕಟ್ಟಲು ಒಂದು ಕ್ಷಣವೂ ಯೋಚಿಸಬೇಕಾಗಲಿಲ್ಲ. ಮೂರನೆಯ ರಾತ್ರಿ ನಾನೇ ಜ್ವರದಿಂದ ಕುಸಿದಾಗ ಮಾತ್ರ, ಬಂದು ಅವಳ ಪಕ್ಕದಲ್ಲಿ ಕೂರುತ್ತೀರಾ ಎಂದು ಯಾರನ್ನು ಕೇಳಲಿ ಎಂದು ಫೋನಿನಲ್ಲಿದ್ದ ಹೆಸರುಗಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದೆ. ಸದಸ್ಯರು, ನಿರ್ದೇಶಕರು, ಅಧಿಕಾರಿಗಳು, ಗುತ್ತಿಗೆದಾರರು. ಮದುವೆಗಳಿಗೆ ಮುಯ್ಯಿ ಲಕೋಟೆಯನ್ನು ಯಾರ ಕೈಲಾದರೂ ಕಳಿಸಿ, ಸಾವಿನ ಮನೆಗೆ ಹತ್ತು ನಿಮಿಷ ಹೋಗಿ, ಆಫೀಸಿನ ಕೆಲಸವಿದೆ ಎಂದು ಎದ್ದು ಬರುತ್ತಿದ್ದವನು ನಾನು. ಯಾರ ಮನೆಯ ಕ್ಯಾಲೆಂಡರಿನಲ್ಲೂ ನನ್ನ ಹೆಸರಿನ ಗೆರೆ ಇರಲಿಲ್ಲ.

ಆ ಮನೆಯ ಕಂತು ಗಡುವಿಗೆ ಮೊದಲೇ ಬಂತು. ಆದರೂ ಎಲ್ಲ ಊರುಗಳಲ್ಲೂ ಮುಯ್ಯಾಳು ಉಳಿದಿದೆ ಎಂದು ಭಾವಿಸುವಂತಿಲ್ಲ; ಮಕ್ಕಳು ಊರು ಬಿಟ್ಟಿದ್ದಾರೆ, ಸುಲಿಯುವ ಯಂತ್ರ ಬಂದಿದೆ, ತೋಟದ ಫಸಲನ್ನು ಚೇಣಿಗೆ (ಗುತ್ತಿಗೆಗೆ) ಕೊಡುವವರು ಹೆಚ್ಚಾಗಿದ್ದಾರೆ. ಯಂತ್ರದಿಂದ ಹೆಂಗಸರ ನಡು ನೋವು ತಪ್ಪುವುದಾದರೆ ಅದು ಒಳ್ಳೆಯದೇ. ಸಾಲದ ಅರ್ಜಿಯಲ್ಲಿ ನೆರೆಹೊರೆಯ ಬಗ್ಗೆ ಬರೆಯಲು ಕಾಲಂ ಇಲ್ಲ, ನಾನು ಅದನ್ನು ಸೇರಿಸಲೂ ಬರುವುದಿಲ್ಲ. ಆದರೆ ಸ್ಥಳ ಪರಿಶೀಲನೆಗೆ ಹೋದಾಗ, ನಿಮ್ಮಲ್ಲಿ ಕೊಯ್ಲಿಗೆ ಯಾರ ಮನೆಯವರು ಬರುತ್ತಾರೆ ಎಂದು ಈಗ ಕೇಳುತ್ತೇನೆ. ಯಾರೂ ಇಲ್ಲ ಎಂಬ ಉತ್ತರ ಬಂದ ಮನೆಗೆ, ತೋಟ ಹತ್ತು ಎಕರೆಯಿದ್ದರೂ, ಮಳೆಗಾಲದಲ್ಲಿ ಒಮ್ಮೆ ಫೋನು ಮಾಡಿ ವಿಚಾರಿಸುತ್ತೇನೆ.

ಕಳೆದ ಸುಗ್ಗಿಯಲ್ಲಿ ಅದೇ ಅಂಗಳದಲ್ಲಿ ಎರಡು ರಾತ್ರಿ ಸುಲಿಯಲು ಕುಳಿತಿದ್ದೆ. ಮರುದಿನ ಕೌಂಟರಿನಲ್ಲಿ ರಸೀದಿ ಬರೆದುಕೊಡುವಾಗ ನನ್ನ ಬೆರಳುಗಳಿಗೆ ಹತ್ತಿದ್ದ ಕಪ್ಪು ಕರೆಯನ್ನು ಒಬ್ಬ ಹಿರಿಯ ಸದಸ್ಯರು ನೋಡಿದರು.

"ಯಾರ ಮನೆ ಸುಲಿತ ಸೆಕ್ರೆಟ್ರಿಯೋರೆ?"

ಮನೆಯ ಹೆಸರು ಹೇಳಿದೆ. ರಸೀದಿಯನ್ನು ಮಡಚಿ ಜೇಬಿಗಿಡುತ್ತ ಅವರು, "ಹಾಗಾದ್ರೆ ಶುಕ್ರವಾರ ನಮ್ಮನೇಲೂ ಇದೆ, ಊಟಕ್ಕೂ ಅಲ್ಲಿಗೇ ಬನ್ನಿ," ಎಂದರು.