ಹೊಳೆಯುವ ಸೀಟು, ಕೊಳಕು ಸೀಟು

ಬೆಳಿಗ್ಗೆ ಬಿಟ್ಟುಹೋಗಿದ್ದ ಕಾರನ್ನು ಒಯ್ಯಲು ಸಂಜೆ ಬಂದ ಗ್ರಾಹಕರು ಬಾಗಿಲು ತೆರೆದು ಒಳಗೆ ಇಣುಕಿದವರು ಹಾಗೆಯೇ ಹಿಂದೆ ಸರಿದು ನಿಂತರು. “ಸೀಟಿನ ಹೊಳಪನ್ನೆಲ್ಲ ತೆಗೆದುಬಿಟ್ಟಿದ್ದೀರಲ್ಲ! ಕೊಡುವಾಗ ಕನ್ನಡಿಯ ಹಾಗೆ ಮಿಂಚುತ್ತಿತ್ತು” ಎಂದರು. ಕಾರಿನ ಒಳಭಾಗ ಶುಚಿ ಮಾಡುವ ಕೆಲಸಕ್ಕೆ ನಾನು ಸೇರಿ ಆಗ ನಾಲ್ಕು ತಿಂಗಳಾಗಿತ್ತು. ಆ ಚರ್ಮದ ಸೀಟುಗಳ ಮೇಲೆ ಮೂರು ಗಂಟೆ ಬೆನ್ನು ಬಗ್ಗಿಸಿದ್ದೆ. ಶಹಬ್ಬಾಸ್ ಸಿಗುತ್ತದೆ ಎಂದು ಪಕ್ಕದಲ್ಲೇ ನಿಂತಿದ್ದವನಿಗೆ ಬಾಯಿ ಕಟ್ಟಿತು. ನಿಜ ಹೇಳಬೇಕೆಂದರೆ ಹೊಳಪು ಎಲ್ಲಿ ಹೋಯಿತೆಂದು ನನಗೂ ಗೊತ್ತಿರಲಿಲ್ಲ.

ಮೇಸ್ತ್ರಿ ಬಂದರು. ವಾದ ಮಾಡಲಿಲ್ಲ. ಹಿಂದಿನ ಸೀಟಿನ ಹೆಡ್‌ರೆಸ್ಟನ್ನು ಹಿಡಿದು ಮೇಲಕ್ಕೆ ಎಳೆದರು. ಅದರ ಅಡಿಯಲ್ಲಿ ಮುಚ್ಚಿಕೊಂಡಿದ್ದ ನಾಲ್ಕು ಬೆರಳಗಲದ ಚರ್ಮಕ್ಕೆ ಇಷ್ಟು ವರ್ಷಗಳಲ್ಲಿ ಯಾರ ಬೆನ್ನೂ ತಲೆಯೂ ತಾಗಿರಲಿಲ್ಲ. “ಇದು ಕಾರ್ಖಾನೆಯಿಂದ ಬಂದ ದಿನದ ಚರ್ಮ ಸಾರ್. ಹೊಳೆಯುತ್ತಿದೆಯೇ ನೋಡಿ” ಎಂದರು. ಹೊಳೆಯುತ್ತಿರಲಿಲ್ಲ. ಮಂಕಾಗಿ, ಮೆತ್ತಗೆ, ನಾನು ಈಗಷ್ಟೇ ಮುಗಿಸಿದ್ದ ಸೀಟಿನ ಹಾಗೆಯೇ ಇತ್ತು. ಗ್ರಾಹಕರು ಎರಡನ್ನೂ ಬೆರಳಿನಿಂದ ಸವರಿ ನೋಡಿದರು, “ಹೂಂ” ಎಂದರು, ಕೀಲಿ ತೆಗೆದುಕೊಂಡು ಹೋದರು. ಪೂರ್ತಿ ಒಪ್ಪಿದರೆಂದು ಈಗಲೂ ಅನ್ನಿಸುವುದಿಲ್ಲ.

ಅವರು ಹೊಳಪು ಎಂದುಕೊಂಡಿದ್ದು ಮೈಯ ಜಿಡ್ಡು. ಬೆವರು, ಮೈಚರ್ಮದ ಎಣ್ಣೆ, ಸನ್‌ಸ್ಕ್ರೀನ್, ನಯವಾದ ಧೂಳು ಎಲ್ಲವೂ ಸೇರಿ ಸೀಟಿನ ಸಣ್ಣ ಸಣ್ಣ ಗೆರೆಗಳಲ್ಲಿ ತುಂಬಿಕೊಳ್ಳುತ್ತವೆ. ದಿನಾ ಕುಳಿತು ಏಳುವಾಗ ಬಟ್ಟೆ ಅದನ್ನು ಒತ್ತಿ, ಉಜ್ಜಿ, ಇಸ್ತ್ರಿ ಹಾಕಿದ ಹಾಗೆ ನಯ ಮಾಡುತ್ತದೆ. ನಡುವೆ ಯಾರೋ ಸಿಲಿಕೋನ್ ಪಾಲಿಶ್ ಬಳಿದಿದ್ದರೆ ಕೇಳುವುದೇ ಬೇಡ.

ಇದು ಅರ್ಥವಾಗಬೇಕಾದರೆ ಕಾರಿನ ಚರ್ಮ ಏನೆಂದು ತಿಳಿಯಬೇಕು. ಹೊಸಬರು ಬಂದಾಗ ಬ್ರಷ್ ಕೊಡುವ ಮೊದಲು ಇದನ್ನೇ ಹೇಳುತ್ತೇನೆ. ಸೀಟಿನ ಚರ್ಮ ಹೆಚ್ಚು ಕಡಿಮೆ 1ರಿಂದ 1.4 ಮಿಲಿಮೀಟರ್ ದಪ್ಪ. ಹದ ಮಾಡಿದ ಆ ಚರ್ಮದ ಮೇಲೆ ಕಾರ್ಖಾನೆಯಲ್ಲಿ ಬಣ್ಣ ಹೊಡೆಯುತ್ತಾರೆ, ಬಣ್ಣದ ಮೇಲೆ ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್ಕಿನ ಪಾರದರ್ಶಕ ಲೇಪ ಕೊಡುತ್ತಾರೆ. ಇವೆರಡೂ ಸೇರಿ ಒಂದು ತಲೆಗೂದಲಿನ ದಪ್ಪದ ಆಸುಪಾಸು. ಈ ಲೇಪ 0.15 ಮಿಲಿಮೀಟರ್ ದಾಟಿದರೆ ಅದನ್ನು ಬರಿಯ ‘ಚರ್ಮ’ ಎಂದು ಕರೆಯುವಂತಿಲ್ಲ ಎನ್ನುತ್ತದೆ ಯುರೋಪಿನ ಮಾನದಂಡ. ಇಂದಿನ ಬಹುಪಾಲು ಕಾರುಗಳಲ್ಲಿ ನಮ್ಮ ಬೆರಳಿಗೆ ಸಿಗುವುದು ಈ ಲೇಪವೇ. ಕೊಳೆ ಕೂರುವುದು ಅದರ ಮೇಲೆ, ಬ್ರಷ್ ಆಡುವುದೂ ಅದರ ಮೇಲೆ. ಚರ್ಮ ಕೆಳಗೆಲ್ಲೋ ನೆಮ್ಮದಿಯಾಗಿ ಮಲಗಿರುತ್ತದೆ. ಇನ್ನೊಂದು ಮಾತು: ‘ಲೆದರ್ ಸೀಟು’ ಎಂದು ಮಾರುವ ಎಷ್ಟೋ ಕಾರುಗಳಲ್ಲಿ ಕೂರುವ ಮತ್ತು ಒರಗುವ ಜಾಗ ಮಾತ್ರ ಚರ್ಮ. ಸೀಟಿನ ಬೆನ್ನು, ಅಂಚು, ಬಾಗಿಲ ಒಳಮೈ ಎಲ್ಲ ರೆಕ್ಸಿನ್. ಮೋಸವೇನಲ್ಲ, ಸಣ್ಣಕ್ಷರದಲ್ಲಿ ಬರೆದೇ ಇರುತ್ತಾರೆ. ಓದುವವರಿಲ್ಲ, ಅಷ್ಟೇ.

ಕೆಲಸದ ಕ್ರಮ ಕಷ್ಟದ್ದಲ್ಲ. ಮೊದಲು ವ್ಯಾಕ್ಯೂಮ್. ಹೊಲಿಗೆಯ ಸಾಲಿನಲ್ಲಿ, ಸೀಟು ಮತ್ತು ಬೆನ್ನು ಸೇರುವ ಸಂದಿಯಲ್ಲಿ ಮರಳಿನ ಕಣ ಉಳಿದಿದ್ದರೆ ಆಮೇಲೆ ಬ್ರಷ್ ಆಡಿಸುವಾಗ ಅದು ಉಪ್ಪುಕಾಗದದ ಕೆಲಸ ಮಾಡುತ್ತದೆ. ಆಮೇಲೆ ಚರ್ಮಕ್ಕೆಂದೇ ಇರುವ ಸೌಮ್ಯ ಕ್ಲೀನರ್. ಹದ ಮಾಡಿದ ಚರ್ಮ ತುಸು ಆಮ್ಲೀಯ, ಅದರ ಪಿಎಚ್ (7ಕ್ಕಿಂತ ಕೆಳಗಿದ್ದರೆ ಆಮ್ಲ, ಮೇಲಿದ್ದರೆ ಕ್ಷಾರ) ಸುಮಾರು 4ರಿಂದ 5. ಸ್ನಾನದ ಸಾಬೂನಿನ ಪಿಎಚ್ 9ರ ಮೇಲೆ, ಎಂಜಿನ್ ತೊಳೆಯುವ ದ್ರಾವಣಗಳದ್ದು ಇನ್ನೂ ಮೇಲೆ. ಇಂಥವು ಒಂದು ದಿನಕ್ಕೆ ಏನೂ ಮಾಡವು. ತಿಂಗಳಿಗೊಮ್ಮೆ ಬಳಸಿದರೆ ಲೇಪವನ್ನು ನಿಧಾನವಾಗಿ ಪೆಡಸು ಮಾಡುತ್ತವೆ, ಹೊಲಿಗೆಯ ತೂತಿನಿಂದ ಇಳಿದು ಚರ್ಮವನ್ನೂ ಕೆಡಿಸುತ್ತವೆ. ದ್ರಾವಣವನ್ನು ಸೀಟಿನ ಮೇಲೆ ಎಂದೂ ಚಿಮುಕಿಸಬಾರದು, ಬ್ರಷ್ಷಿಗೆ ಹಾಕಿ ನೊರೆ ಬರಿಸಿಕೊಳ್ಳಬೇಕು. ಒಂದು ಸಲಕ್ಕೆ ಎರಡು ಅಂಗೈಯಷ್ಟು ಜಾಗ. ನೊರೆ ಕೊಳೆಯನ್ನು ಎತ್ತಿದ ಕೂಡಲೇ, ಅದು ಒಣಗಿ ಮತ್ತೆ ಅಲ್ಲೇ ಕೂರುವ ಮೊದಲು, ಒದ್ದೆ ಮಾಡಿ ಗಟ್ಟಿಯಾಗಿ ಹಿಂಡಿದ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಬೇಕು. ಕೊನೆಗೆ ಒಣ ಬಟ್ಟೆ.

ಸ್ಟಿಯರಿಂಗ್ ಮಾತ್ರ ಬೇರೆಯೇ ಕಥೆ. ಕಾರಿನಲ್ಲಿ ಅತ್ಯಂತ ಕೊಳಕು ವಸ್ತು ಅದೇ, ಮಾಲೀಕರು ಅತ್ಯಂತ ಕಡಿಮೆ ಅನುಮಾನಪಡುವುದೂ ಅದನ್ನೇ. ಗಡಿಯಾರದ ಹತ್ತು ಮತ್ತು ಎರಡು ಗಂಟೆಯ ಜಾಗದಲ್ಲಿ, ಅಂದರೆ ಕೈಗಳು ಸದಾ ಇರುವಲ್ಲಿ, ಕಪ್ಪು ಚರ್ಮ ಗಾಜಿನ ಹಾಗೆ ಹೊಳೆಯುತ್ತಿರುತ್ತದೆ. ಕುದುರೆಕೂದಲಿನ ಮೆತ್ತನೆಯ ಬ್ರಷ್ಷನ್ನು ಅಲ್ಲಿ ಗುಂಡಗೆ ಆಡಿಸಿದರೆ ಬಿಳಿ ನೊರೆ ಮೊದಲು ಬೂದಿ ಬಣ್ಣಕ್ಕೆ, ಮರುಕ್ಷಣ ಚಹಾದ ಬಣ್ಣಕ್ಕೆ ತಿರುಗುತ್ತದೆ. ಒರೆಸಿದ ಬಟ್ಟೆಯನ್ನು ಮಡಚಿ, ಇನ್ನೊಂದು ಮಗ್ಗುಲಿನಿಂದ ಮತ್ತೆ ಒರೆಸಿ, ಮತ್ತೆ ನೊರೆ. ನಾಲ್ಕನೆಯ ಸಲಕ್ಕೆ ಬಟ್ಟೆಗೆ ಏನೂ ಅಂಟದಿದ್ದಾಗ ಚರ್ಮದ ಧಾನ್ಯದಂಥ ಸಣ್ಣ ಉಬ್ಬುಗಳು ಕಣ್ಣಿಗೆ ಬೀಳುತ್ತವೆ. ಅವು ಅಲ್ಲಿದ್ದವೆಂದೇ ಎಷ್ಟೋ ಮಾಲೀಕರಿಗೆ ಗೊತ್ತಿರುವುದಿಲ್ಲ. ಕಾಣಲಿಲ್ಲವೆಂದರೆ ಲೇಪ ಸವೆದುಹೋಗಿದೆ, ಅಲ್ಲಿಗೆ ಬ್ರಷ್ ನಿಲ್ಲಿಸಬೇಕು. 2020ರಲ್ಲಿ ಎಲ್ಲರ ಕೈಗೂ ಸ್ಯಾನಿಟೈಸರ್ ಬಂದ ಮೇಲೆ ಸವೆದ, ಅಂಟಂಟಾದ ಸ್ಟಿಯರಿಂಗ್‌ಗಳನ್ನು ಬೇಕಾದಷ್ಟು ನೋಡಿದೆ. ಕೈಗೆ ಹಚ್ಚಿ ಆರುವ ಮೊದಲೇ ಚಕ್ರ ಹಿಡಿದರೆ ಅದರಲ್ಲಿನ ಆಲ್ಕೋಹಾಲ್ ಲೇಪವನ್ನು ಮೆತ್ತಗೆ ಮಾಡುತ್ತದೆ. ಅರೆ ನಿಮಿಷ ಕಾದರೆ ಮುಗಿಯುವ ವಿಷಯ.

ಇನ್ನು ನನ್ನ ತಪ್ಪುಗಳು. ಮೊದಲನೆಯದು ಬಿಸ್ಕತ್ತಿನ ಬಣ್ಣದ ಸೀಟಿನ ಮೇಲೆ ಜೀನ್ಸ್ ಬಿಟ್ಟ ನೀಲಿ. ಜೀನ್ಸಿನ ನೀಲಿ ಬಣ್ಣ ಬಟ್ಟೆಯ ಎಳೆಗೆ ಗಟ್ಟಿಯಾಗಿ ಕಚ್ಚಿರುವುದಿಲ್ಲ, ಬೆವರು ಮತ್ತು ಒತ್ತಡ ಸಿಕ್ಕರೆ ಸೀಟಿಗೆ ದಾಟುತ್ತದೆ. ವಾರದೊಳಗೆ ಕಂಡರೆ ಸುಲಭ, ಆರು ತಿಂಗಳು ಬಿಟ್ಟರೆ ಲೇಪದೊಳಕ್ಕೇ ಇಳಿಯುತ್ತದೆ. ಇದು ಇಳಿದಿತ್ತು. ಕ್ಲೀನರ್ ಸೋತಾಗ ನಾನು ಬಿಳಿಯ ಮೆಲಮೈನ್ ಸ್ಪಂಜು ತೆಗೆದೆ, ಗೋಡೆಯ ಕಲೆ ಅಳಿಸಲು ಮಾರುವಂಥದ್ದು. ಹತ್ತು ಸಲ ಉಜ್ಜುವಷ್ಟರಲ್ಲಿ ನೀಲಿ ಮಾಯ. ಖುಷಿಯಿಂದ ಸ್ಪಂಜನ್ನು ತಿರುಗಿಸಿ ನೋಡಿದೆ. ನೀಲಿ ಇತ್ತು, ಅದರ ಸುತ್ತ ಬಿಸ್ಕತ್ತಿನ ಬಣ್ಣವೂ ಇತ್ತು. ಮುಟ್ಟಲು ರಬ್ಬರಿನಷ್ಟು ಮೆತ್ತಗಿರುವ ಆ ಸ್ಪಂಜು ಅತಿ ನಯವಾದ ಉಪ್ಪುಕಾಗದವೇ ಎಂದು ಆ ದಿನದವರೆಗೆ ನನಗೆ ಯಾರೂ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ಆ ಒಂದು ಫಲಕಕ್ಕೆ, ಅಂದರೆ ಹೊಲಿಗೆಗಳ ನಡುವಿನ ಚರ್ಮದ ತುಂಡಿಗೆ, ಮತ್ತೆ ಬಣ್ಣ ಹೊಂದಿಸಿ ಹೊಡೆಯಬೇಕಾಯಿತು. ಪಕ್ಕದ ಫಲಕದ ಬಣ್ಣಕ್ಕೆ ಸರಿಹೊಂದಿಸುವಷ್ಟರಲ್ಲಿ ಒಂದು ಇಡೀ ದಿನ ಹೋಯಿತು, ಮೇಸ್ತ್ರಿಯ ಮೌನ ಬೇರೆ. ಬೈದಿದ್ದರೆ ಚೆನ್ನಾಗಿತ್ತು.

ಎರಡನೆಯದಕ್ಕೆ ನನ್ನ ಆತುರವೇ ಕಾರಣ. ದುಬಾರಿ ಕಾರೊಂದು ಬಂತು. ಸೀಟು ಮುಟ್ಟಿದರೆ ಬೆಣ್ಣೆಯ ಹಾಗಿತ್ತು, ಬಣ್ಣ ಎಲ್ಲ ಕಡೆ ಒಂದೇ ಸಮ ಇರಲಿಲ್ಲ. ಆ ಎರಡು ಲಕ್ಷಣ ಸಾಕಿತ್ತು, ಅದು ಅನಿಲಿನ್ ಚರ್ಮ ಎಂದು ತಿಳಿಯಲು. ಅಂದರೆ ಬಣ್ಣವನ್ನು ಚರ್ಮವೇ ಹೀರಿಕೊಂಡಿದೆ, ಮೇಲೆ ರಕ್ಷಣೆಯ ಲೇಪ ಇಲ್ಲ ಅಥವಾ ಇದ್ದೂ ಇಲ್ಲದಂತೆ. ನಾನು ದಿನದ ಅಭ್ಯಾಸದಂತೆ ನೊರೆ ಹಚ್ಚಿದೆ. ನೊರೆ ನಿಂತ ಜಾಗವೆಲ್ಲ ಗಾಢ ಬಣ್ಣಕ್ಕೆ ತಿರುಗಿ, ಒಣಗಿದ ಮೇಲೆ ಅಂಚಿನಲ್ಲಿ ಉಂಗುರದಂಥ ಗೆರೆ ಉಳಿಯಿತು. ಹೊಲಿಗೆಯಿಂದ ಹೊಲಿಗೆಯವರೆಗೆ ಇಡೀ ಫಲಕವನ್ನು ಒಂದೇ ಸಮನೆ ತೇವ ಮಾಡಿ ನೆರಳಿನಲ್ಲಿ ನಿಧಾನವಾಗಿ ಒಣಗಿಸಿದಾಗ ಗೆರೆ ಮುಕ್ಕಾಲು ಪಾಲು ಮಾಸಿತು. ಉಳಿದ ಕಾಲು ಪಾಲು ಕಾರಿನೊಂದಿಗೆ ಹೋಯಿತು, ಹಣ ಮಾತ್ರ ನಮಗೆ ಬರಲಿಲ್ಲ.

ಅಂದಿನಿಂದ ಯಾವ ಕಾರು ಬಂದರೂ ಮೊದಲ ಕೆಲಸ ನೀರಿನ ಹನಿ. ಸೀಟಿನ ಕೆಳಂಚಿನಲ್ಲಿ, ಕಣ್ಣಿಗೆ ಬೀಳದ ಕಡೆ, ಬೆರಳ ತುದಿಯಿಂದ ಒಂದು ಹನಿ ಇಡುತ್ತೇನೆ. ಮಣಿಯ ಹಾಗೆ ನಿಂತರೆ ಲೇಪವಿದೆ, ಧೈರ್ಯವಾಗಿ ನೊರೆ ಹಚ್ಚಬಹುದು. ಹನಿ ಇಂಗಿ ಜಾಗ ಕಪ್ಪಿಟ್ಟರೆ ಬ್ರಷ್ ಕೆಳಗಿಟ್ಟು, ಮಾಲೀಕರಿಗೆ ಫೋನ್ ಮಾಡಿ, ಏನಾಗಬಹುದೆಂದು ಹೇಳಿ ಆಮೇಲೆ ಮುಂದುವರಿಯುತ್ತೇನೆ. ಮಖಮಲ್ಲಿನಂತೆ ಕಾಣುವ ಅಲ್ಕಾಂತಾರಾ ಇದ್ದರೆ ಈ ಪ್ರಶ್ನೆಯೇ ಇಲ್ಲ, ಅದು ಚರ್ಮವೇ ಅಲ್ಲ. 1970ರಲ್ಲಿ ಜಪಾನಿನಲ್ಲಿ ಕಂಡುಹಿಡಿದ ಪಾಲಿಯೆಸ್ಟರ್ ಮತ್ತು ಪಾಲಿಯುರಿಥೇನಿನ ಬಟ್ಟೆ. ಅದಕ್ಕೆ ಚರ್ಮವನ್ನು ಮೆತ್ತಗಿಡಲೆಂದು ಹಚ್ಚುವ ಕಂಡೀಷನರ್ ಬಳಿದು ರೋಮವೆಲ್ಲ ಮುದ್ದೆಯಾಗಿ ಬಂದ ಕಾರುಗಳಿವೆ.

ಕಂಡೀಷನರ್ ಎಂದಾಗ ಒಂದು ವಾದ ಬಾಕಿ ಇದೆ. ‘ಚರ್ಮಕ್ಕೆ ಎಣ್ಣೆ ಉಣಿಸಬೇಕು, ಇಲ್ಲದಿದ್ದರೆ ಬಿರುಕು ಬಿಡುತ್ತದೆ’ ಎಂದು ಬಂದವರೆಲ್ಲ ಹೇಳುತ್ತಾರೆ. ಕುದುರೆಯ ಜೀನಿಗೆ, ಹಳೆಯ ಚಪ್ಪಲಿಗೆ, ಲೇಪವಿಲ್ಲದ ಸೀಟಿಗೆ ಈ ಮಾತು ಒಪ್ಪುತ್ತದೆ. ಪಾಲಿಯುರಿಥೇನ್ ಲೇಪದ ಮೇಲೆ ಹಚ್ಚಿದ ಎಣ್ಣೆ ಎಲ್ಲಿ ಇಳಿಯಬೇಕು? ಬಹುಪಾಲು ಮೇಲೆಯೇ ಉಳಿದು ಧೂಳನ್ನು ಕರೆಯುತ್ತದೆ, ಒಂದು ತಿಂಗಳಿಗೆ ಅದೇ ಹಳೆಯ ಹೊಳಪು ವಾಪಸ್. ಸ್ಟಿಯರಿಂಗ್‌ಗೆ ಬಳಿದರಂತೂ ತಿರುವಿನಲ್ಲಿ ಕೈ ಜಾರುತ್ತದೆ. ನಾನು ಲೇಪದ ಸೀಟಿಗೆ ಹಚ್ಚುವುದು ನೀರು ಆಧಾರಿತ ತೆಳ್ಳನೆಯ ರಕ್ಷಕ ಮಾತ್ರ. ಅದು ಚರ್ಮಕ್ಕೆ ಊಟವಲ್ಲ. ಸೀಟು ಮತ್ತು ಜೀನ್ಸಿನ ನಡುವೆ ಒಂದು ಪರದೆ, ಅಷ್ಟೇ. ಸವೆದಾಗ ಮತ್ತೆ ಹಚ್ಚಬೇಕು. ಚರ್ಮವನ್ನು ನಿಜಕ್ಕೂ ಒಣಗಿಸುವುದು ಬಿಸಿಲು. ಮುಚ್ಚಿದ ಕಾರು ಬಿಸಿಲಿನಲ್ಲಿ ನಿಂತರೆ ಗಾಜಿನ ಹಿಂದಿನ ಚರ್ಮ ಕೈ ಇಡಲಾಗದಷ್ಟು ಕಾಯುತ್ತದೆ, ಕುಗ್ಗುತ್ತದೆ, ಹೊಲಿಗೆ ಎಳೆಯುತ್ತದೆ. ಯಾವ ಬಾಟಲಿಯೂ ಮಾಡದ ಕೆಲಸವನ್ನು ಮುಂದಿನ ಗಾಜಿಗೆ ಅಡ್ಡ ಇಡುವ ಮಡಚುವ ಪರದೆ ಮಾಡುತ್ತದೆ. ಬಾಟಲಿ ಮಾರುವವರಿಗೆ ಇದು ಹಿಡಿಸುವುದಿಲ್ಲ. ನಮ್ಮ ಕಪಾಟಿನಲ್ಲೂ ಬಾಟಲಿಗಳಿವೆ, ಆದರೂ ಹೇಳುತ್ತೇನೆ.

ತೂತುಗಳಿರುವ ಸೀಟಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ, ನೀರು ಕಡಿಮೆ ಎಂಬ ಒಂದೇ ನಿಯಮ. ಕೆಳಗೆ ಫೋಮ್ ಇದೆ, ಗಾಳಿಯ ಫ್ಯಾನ್ ಇರಬಹುದು, ಬಿಸಿ ಮಾಡುವ ತಂತಿ ಇರಬಹುದು, ಮುಂದಿನ ಸೀಟಿನಲ್ಲಿ ಯಾರಾದರೂ ಕುಳಿತಿದ್ದಾರೆಯೇ ಎಂದು ತಿಳಿಯುವ ಸಂವೇದಕವೂ ಇರಬಹುದು. ಸೀಟಿನ ಹೊರಮಗ್ಗುಲಲ್ಲಿ ಏರ್‌ಬ್ಯಾಗ್ ಎಂದು ಬರೆದ ಸಣ್ಣ ಪಟ್ಟಿ ಕಂಡರೆ ಆ ಕಡೆಯ ಹೊಲಿಗೆ ಬಿಚ್ಚಿದ್ದರೂ ನಾವು ಹೊಲಿಯುವುದಿಲ್ಲ. ಅಪಘಾತದ ಕ್ಷಣದಲ್ಲಿ ಹರಿಯಲೆಂದೇ ಲೆಕ್ಕ ಹಾಕಿ ಹೊಲಿದ ಸಾಲು ಅದು, ಅಲ್ಲಿ ಗಟ್ಟಿ ದಾರ ಹಾಕಿದರೆ ಚೀಲ ಸರಿಯಾಗಿ ಹೊರಬರದೆ ಹೋಗಬಹುದು.

ಮೂರನೆಯ ತಪ್ಪು ಸಣ್ಣದು, ಆದರೆ ಅದೇ ಹೆಚ್ಚು ಜಗಳ ತಂದದ್ದು. ಚಾಲಕನ ಸೀಟಿನ ಬಾಗಿಲ ಕಡೆಯ ಉಬ್ಬನ್ನು ಗಮನಿಸಿ. ಹತ್ತುವಾಗ, ಇಳಿಯುವಾಗ ತೊಡೆ ಅಲ್ಲೇ ಉಜ್ಜುತ್ತದೆ, ಬಣ್ಣ ಮೊದಲು ಹೋಗುವುದೂ ಅಲ್ಲೇ. ಹೋದ ಜಾಗವನ್ನು ಜಿಡ್ಡು ತುಂಬಿಕೊಂಡು ಮರೆಮಾಚಿರುತ್ತದೆ. ನಾವು ಜಿಡ್ಡು ತೆಗೆದ ಕೂಡಲೇ ಅಡಿಯ ಬಿಳಿಚಿದ ನಾರು, ಜೇಡರ ಬಲೆಯಂಥ ಬಿರುಕು ಹೊರಗೆ ಕಾಣುತ್ತವೆ. ಮಾಲೀಕರ ಕಣ್ಣಿಗೆ ಅದನ್ನು ಮಾಡಿದವರು ನಾವೇ. ಎಷ್ಟು ವಿವರಿಸಿದರೂ ಕೆಲಸ ಮುಗಿದ ಮೇಲಿನ ವಿವರಣೆ ನೆಪದಂತೆಯೇ ಕೇಳಿಸುತ್ತದೆ. ಹಾಗಾಗಿ ಈಗ ಮಾಲೀಕರು ಎದುರಿಗಿರುವಾಗಲೇ ಆ ಉಬ್ಬಿನ ಒಂದು ರೂಪಾಯಿಯಗಲದ ಜಾಗವನ್ನು ಮಾತ್ರ ಒರೆಸಿ, ಇಬ್ಬರೂ ನೋಡಿ, ಮೊಬೈಲಿನಲ್ಲಿ ಫೋಟೊ ತೆಗೆಯುತ್ತೇನೆ. ಹೆಡ್‌ರೆಸ್ಟನ್ನೂ ಆಗಲೇ ಎತ್ತಿ ತೋರಿಸುತ್ತೇನೆ: ಕೆಲಸ ಮುಗಿದಾಗ ಸೀಟು ಹೀಗಿರುತ್ತದೆ, ಇದಕ್ಕಿಂತ ಹೊಳೆಯುವುದಿಲ್ಲ.

ಹೆಚ್ಚಿನವರು ಒಪ್ಪುತ್ತಾರೆ. ಕಳೆದ ತಿಂಗಳು ಒಬ್ಬರು ಹೆಡ್‌ರೆಸ್ಟಿನ ಅಡಿಯ ಚರ್ಮವನ್ನು ಬಗ್ಗಿ ನೋಡಿದರು, ತಮ್ಮ ಮಿರಮಿರ ಸೀಟನ್ನು ನೋಡಿದರು. “ಹಾಗಾದರೆ ಬೇಡ ಬಿಡಿ, ಇದೇ ಚೆನ್ನಾಗಿದೆ” ಎಂದು ಕಾರು ಹತ್ತಿ ಹೊರಟುಹೋದರು.