ಮಳೆಗಾಲದಲ್ಲಿ ಕೈಕೊಟ್ಟ ಇಂಜಿನ್ ದೀಪ

ಈ ಆಷಾಢದ ಮಳೆಗೆ ನಮ್ಮ ಶಿವಮೊಗ್ಗದ ಮನೆಯಲ್ಲಿ ಬಟ್ಟೆಬರೆಯೇ ಮುಗ್ಗಲು ವಾಸನೆ ಹೊಡೆಯುತ್ತಿದೆ, ಇನ್ನು ಮಾಡೆಲ್ ರೈಲು ಉಳಿಯುತ್ತಾ? 1:87 ಅಳತೆಯ ನನ್ನ ಡೀಸೆಲ್ ಇಂಜಿನ್ ಓಡಿತು, ಆದರೆ ಮುಂದಿನ ದೀಪ ಉರಿಯಲಿಲ್ಲ.

ಎಲ್‌ಇಡಿ ಸುಟ್ಟಿದೆ ಅಂತ ಸುಮ್ನೆ ಕೀಳಬೇಡಿ. ಹಳಿಯ ಕರೆಂಟು ಚಕ್ರದ ಮೂಲಕವೇ ದೀಪಕ್ಕೆ ಬರುವುದು, ಅದಕ್ಕೇ ಮೊದಲು ಚಕ್ರ ಒರೆಸಿ. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿ ಒಂದೇ ಸುತ್ತಿಗೆ ಕಾಡಿಗೆಯಂತೆ ಕಪ್ಪಾಯಿತು. ಆದರೂ ದೀಪ ಬರಲಿಲ್ಲ. ಮೇಲಿನ ಕವಚ ತೆಗೆದು ಮಲ್ಟಿಮೀಟರನ್ನು ಡಯೋಡ್ ಮೋಡ್‌ಗೆ (ಸಣ್ಣ ಕರೆಂಟ್ ಹರಿಸಿ ನೋಡುವ ಸೆಟ್ಟಿಂಗ್) ಹಾಕಿ ಎಲ್‌ಇಡಿಯ ಕಾಲುಗಳಿಗೆ ಎರಡೂ ಕಡೆಯಿಂದ ಮುಟ್ಟಿಸಿದೆ, ಸಣ್ಣ ಮಿಣುಕೂ ಇಲ್ಲ. ಹೋಗಿತ್ತು.

ಹೊಸದು 3 ಮಿ.ಮೀ. ವಾರ್ಮ್ ವೈಟ್. ಉದ್ದದ ಕಾಲು ಪ್ಲಸ್. ಹಳಿಯಲ್ಲಿ 12 ವೋಲ್ಟ್ ಡಿಸಿ ಇರುತ್ತೆ, ಬಿಳಿ ಎಲ್‌ಇಡಿಗೆ ಸುಮಾರು 3 ಸಾಕು, ಉಳಿದ 9 ವೋಲ್ಟನ್ನು 1 ಕಿಲೋ ಓಮ್ ರೆಸಿಸ್ಟರ್ ತಡೆದರೆ 9 ಮಿಲಿಆಂಪ್ ಹರಿಯುತ್ತೆ, ಅದಕ್ಕಿಂತ ಜಾಸ್ತಿ ಬೇಡವೇ ಬೇಡ. ಇಂಜಿನ್ ಹಿಂದಕ್ಕೆ ಓಡಿಸಿದಾಗ ಪ್ಲಸ್ ಮೈನಸ್ ಅದಲುಬದಲಾಗುತ್ತೆ ಅಲ್ವಾ, ಎಲ್‌ಇಡಿ ಅಷ್ಟು ಉಲ್ಟಾ ವೋಲ್ಟೇಜ್ ತಡೆಯಲ್ಲ, ಅದಕ್ಕೇ ಸಾಲಿನಲ್ಲಿ ಒಂದೇ ದಿಕ್ಕಿಗೆ ಕರೆಂಟ್ ಬಿಡುವ ಒಂದು 1ಎನ್4148 ಡಯೋಡ್ ಸೇರಿಸಿದೆ.

ಹಾಲ್ ಲೈಟ್ ಆರಿಸಿ ಓಡಿಸಿದೆ. ಹಳಿ ಮೇಲೆ ಹಳದಿ ಬೆಳಕು ಹರಿಯಿತು, ಮಂಜಿನಲ್ಲಿ ತಾಳಗುಪ್ಪದ ರೈಲು ಬಂದ ಹಾಗೇ.