ಹೆಸರುಗಾವಲು, ಎರಡನೇ ಹಂತ: ಕೇಳುವುದಾದರೆ ಫೋಲ್ಡರನ್ನೇ ಕೇಳಬೇಕು

ಹೆಸರುಗಾವಲಿನ ಎರಡನೇ ಹಂತ ಈಗ ಸರಿಯಾಗಿ ಓಡುತ್ತಿದೆ. ಹೊಸಬರಿಗೆ ಎರಡು ಮಾತು: ಇದು ನಾನು ಬಿಡುವಿನಲ್ಲಿ ಪೈಥಾನ್‌ನಲ್ಲಿ ಬರೆಯುತ್ತಿರುವ ಸಣ್ಣ ಪ್ರೋಗ್ರಾಂ. ಒಂದು ಫೋಲ್ಡರನ್ನು ಬೇರೆ ಕಡೆಗೆ ಕಾಪಿ ಮಾಡುವ ಮೊದಲು, ಅಲ್ಲಿ ಯಾವ ಫೈಲ್ ಯಾವುದರ ಮೇಲೆ ಬಿದ್ದು ಅಳಿಸಿಹಾಕಬಹುದು ಅಂತ ಮುಂಚೆಯೇ ಹೇಳುತ್ತದೆ. ಕ್ಯಾಪಿಟಲ್, ಸ್ಮಾಲ್ ಅಕ್ಷರದ ವ್ಯತ್ಯಾಸ (ಇದಕ್ಕೆ 'ಕೇಸ್' ಅನ್ನುತ್ತಾರೆ) ಬಿಟ್ಟರೆ ಒಂದೇ ಆಗಿರುವ ಹೆಸರುಗಳನ್ನು ಪಟ್ಟಿ ಮಾಡುವುದು ಮೊದಲ ಹಂತ. ಅದು ಸುಲಭವಾಗಿ ಮುಗಿಯಿತು. ಹೋಗಿ ಸೇರುವ ಫೋಲ್ಡರ್ ಅವನ್ನು ಎರಡು ಹೆಸರು ಅಂತ ನೋಡುತ್ತದೋ, ಒಂದೇ ಅಂತ ನೋಡುತ್ತದೋ? ಇದನ್ನು ತಿಳಿಯುವುದು ಎರಡನೇ ಹಂತ. ಜಾಸ್ತಿ ಸಮಯ ಹಿಡಿದದ್ದು ಇದೇ.

ಪರೀಕ್ಷೆಗೆ ಲಿನಕ್ಸ್ ಕರ್ನೆಲ್‌ನ ಸೋರ್ಸ್ ಕೋಡ್ ಆರಿಸಿಕೊಂಡೆ. ಅದರಲ್ಲಿ ನೆಟ್‌ಫಿಲ್ಟರ್ ಅಂತ ಒಂದು ಭಾಗ, ನೆಟ್‌ವರ್ಕ್‌ನಲ್ಲಿ ಓಡಾಡುವ ಪ್ಯಾಕೆಟ್‌ಗಳನ್ನು (ಡೇಟಾ ತುಣುಕುಗಳನ್ನು) ಸೋಸುವಂಥದ್ದು. ಅದರ ಹೆಡರ್ ಫೈಲ್‌ಗಳಿರುವ, ಅಂದರೆ ಬೇರೆ ಫೈಲ್‌ಗಳು ಇನ್‌ಕ್ಲೂಡ್ ಮಾಡಿ ಒಳಗೆ ಸೇರಿಸಿಕೊಳ್ಳುವ ಫೈಲ್‌ಗಳಿರುವ, ಒಂದು ಫೋಲ್ಡರ್ ಇದೆ. ಅಲ್ಲಿ 'ಮಾರ್ಕ್' ಹೆಸರಿನ ಹೆಡರ್ ಎರಡಿವೆ. ಒಂದರಲ್ಲಿ ಆ ಪದ ಪೂರ್ತಿ ಕ್ಯಾಪಿಟಲ್, ಇನ್ನೊಂದರಲ್ಲಿ ಪೂರ್ತಿ ಸ್ಮಾಲ್. ಇದು ಯಾರೋ ಸುಮ್ನೆ ಇಟ್ಟ ಹೆಸರಲ್ಲ. ನೆಟ್‌ಫಿಲ್ಟರ್‌ನವರ ರೂಢಿಯಲ್ಲಿ ಕ್ಯಾಪಿಟಲ್ ಇದ್ದರೆ ಅದು ಪ್ಯಾಕೆಟ್ ಮೇಲೆ ಏನೋ ಕೆಲಸ ಮಾಡುವಂಥದ್ದು, ಸ್ಮಾಲ್ ಇದ್ದರೆ ಪ್ಯಾಕೆಟ್ ಹೇಗಿದೆ ಅಂತ ನೋಡುವಂಥದ್ದು. ಮಾರ್ಕ್ ಹಾಕುವುದು ಒಂದು, ಮಾರ್ಕ್ ಇದೆಯಾ ಅಂತ ಪರೀಕ್ಷಿಸುವುದು ಇನ್ನೊಂದು. ಕ್ಯಾಪಿಟಲ್ ಫೈಲ್ ತೆರೆದರೆ ಒಳಗೆ ಹೆಚ್ಚೇನೂ ಇಲ್ಲ, ಸ್ಮಾಲ್ ಫೈಲನ್ನು ಇನ್‌ಕ್ಲೂಡ್ ಮಾಡುವ ಸಾಲು ಇದೆ ಅಷ್ಟೆ. ಮಾಮೂಲಿ ವಿಂಡೋಸ್ ಫೋಲ್ಡರ್‌ಗೆ ಇವೆರಡನ್ನೂ ಹಾಕಿದರೆ ಉಳಿಯುವುದು ಒಂದೇ. ಕ್ಯಾಪಿಟಲ್ ಫೈಲ್‌ನ ಸಾಲುಗಳು ಉಳಿದರೆ ಅದು ತನ್ನನ್ನೇ ತಾನು ಇನ್‌ಕ್ಲೂಡ್ ಮಾಡಿಕೊಳ್ಳುತ್ತದೆ, ನಿಜವಾಗಿ ಬೇಕಾಗಿದ್ದ ಸ್ಟ್ರಕ್ಟ್‌ಗಳು (ಡೇಟಾ ರಚನೆಗಳು) ಎಲ್ಲೂ ಇರುವುದಿಲ್ಲ. ಕಾಪಿ ಮಾಡಿದ ಪ್ರೋಗ್ರಾಂ ಮಾತ್ರ 'ಎಲ್ಲ ಸರಿಯಾಗಿ ಮುಗಿಯಿತು' ಅಂತಲೇ ಹೇಳಿರುತ್ತದೆ. ಈ ಥರ ಸದ್ದಿಲ್ಲದೆ ಆಗುವ ನಷ್ಟ ತಪ್ಪಬೇಕು ಅಂತಲೇ ಈ ಪ್ರಾಜೆಕ್ಟ್. ಕೋಡ್‌ನ ಆವೃತ್ತಿಗಳನ್ನು ಕಾಪಾಡುವ ಗಿಟ್ ಕೂಡ 2018ರ ಕೊನೆಯಲ್ಲಿ ಬಂದ 2.20ರಿಂದ, ಕ್ಲೋನ್ ಮಾಡುವಾಗ (ಪೂರ್ತಿ ನಕಲು ಇಳಿಸಿಕೊಳ್ಳುವಾಗ) ಹೀಗೆ ಡಿಕ್ಕಿ ಹೊಡೆದ ಹೆಸರುಗಳನ್ನು ಎಚ್ಚರಿಕೆಯಾಗಿ ತೋರಿಸುತ್ತದೆ.

ಡ್ರೈವ್ ಕೊಡುವ ಉತ್ತರ ಸಾಲದು

'ವಿಂಡೋಸ್ ಆದರೆ ಕೇಸ್ ನೋಡಲ್ಲ, ಲಿನಕ್ಸ್ ಆದರೆ ನೋಡುತ್ತದೆ' ಅಂತ ಒಂದೇ ಸಾಲಿನಲ್ಲಿ ಮುಗಿಸುವ ಪ್ರೋಗ್ರಾಂಗಳು ಬೇಕಾದಷ್ಟಿವೆ. 2018ರ ಏಪ್ರಿಲ್ ಅಪ್‌ಡೇಟ್, ಅಂದರೆ ವಿಂಡೋಸ್ 10ರ 1803 ಬಂದಮೇಲೆ ಆ ಮಾತು ನಿಲ್ಲುವುದಿಲ್ಲ. ಆಗಿನಿಂದ ವಿಂಡೋಸ್‌ನ ಫೈಲ್ ಸಿಸ್ಟಮ್ (ಡ್ರೈವ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ಆದ ಎನ್‌ಟಿಎಫ್‌ಎಸ್‌ನಲ್ಲಿ, ಕೇಸ್ ನೋಡಬೇಕು ಅನ್ನುವ ಗುರುತು ಪ್ರತಿ ಫೋಲ್ಡರ್‌ಗೂ ಅದರದ್ದೇ ಇರಬಹುದು. ಒಂದೇ ಡ್ರೈವ್‌ನಲ್ಲಿ ಅಕ್ಕಪಕ್ಕದ ಎರಡು ಫೋಲ್ಡರ್‌ಗಳಲ್ಲಿ ಒಂದು ಕೇಸ್ ನೋಡುತ್ತದೆ, ಇನ್ನೊಂದು ನೋಡುವುದಿಲ್ಲ. ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಡಬ್ಲ್ಯುಎಸ್ಎಲ್‌ಗಾಗಿ ಬಂದ ಸೌಲಭ್ಯ ಇದು. ಗುರುತು ಇರುವ ಫೋಲ್ಡರ್‌ನೊಳಗೆ ಹೊಸದಾಗಿ ಮಾಡುವ ಫೋಲ್ಡರ್‌ಗಳಿಗೆ ಅದು ತಾನಾಗಿ ಬರುತ್ತದೆ. ಮೊದಲೇ ಇದ್ದವುಗಳಿಗೆ ಬರುವುದಿಲ್ಲ. ಹಾಗಾಗಿ ಮೇಲಿನ ಫೋಲ್ಡರನ್ನು ಒಮ್ಮೆ ಕೇಳಿ, ಕೆಳಗಿನದ್ದೆಲ್ಲ ಹಾಗೇ ಇರುತ್ತದೆ ಅಂತ ನಂಬುವಂತಿಲ್ಲ.

ವಾಲ್ಯೂಮ್, ಅಂದರೆ ಇಡೀ ಡ್ರೈವ್, ಬಗ್ಗೆ ಮಾಹಿತಿ ಕೇಳುವ ವಿಂಡೋಸ್ ಫಂಕ್ಷನ್ ಒಂದಿದೆ: ಗೆಟ್‌ವಾಲ್ಯೂಮ್‌ಇನ್ಫರ್ಮೇಶನ್. ಅದು ಕೊಡುವ ಫ್ಲ್ಯಾಗ್‌ಗಳಲ್ಲಿ 'ಕೇಸ್ ಸೆನ್ಸಿಟಿವ್ ಸರ್ಚ್' ಅಂತ ಒಂದು ಬಿಟ್ ಇದೆ. ಹೆಸರು ನೋಡಿದರೆ ನಮಗೆ ಬೇಕಾದದ್ದು ಅದೇ ಅನ್ನಿಸುತ್ತದೆ, ಅಲ್ವಾ? ಆದರೆ ಎನ್‌ಟಿಎಫ್‌ಎಸ್ ಡ್ರೈವ್ ಆದರೆ ಆ ಬಿಟ್ ಆನ್ ಆಗಿಯೇ ಇರುತ್ತದೆ. ಈ ಫೈಲ್ ಸಿಸ್ಟಮ್‌ಗೆ ಆ ಸಾಮರ್ಥ್ಯ ಇದೆ ಅಂತ ಮಾತ್ರ ಅದರ ಅರ್ಥ. ನಮ್ಮ ಫೋಲ್ಡರ್ ಈಗ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಅದನ್ನು ನಂಬಿದರೆ ಪ್ರತಿ ವಿಂಡೋಸ್ ಫೋಲ್ಡರೂ ಸುರಕ್ಷಿತ ಅಂತ ಬರುತ್ತದೆ. ಈ ಕೆಲಸದಲ್ಲಿ ಅದಕ್ಕಿಂತ ಕೆಟ್ಟ ಉತ್ತರ ಇನ್ನೊಂದಿಲ್ಲ.

ನೇರವಾಗಿ ಕೇಳುವ ದಾರಿ

ಸರಿಯಾದ ದಾರಿ ಉದ್ದವೇನಿಲ್ಲ. ಮೊದಲು ವಿಂಡೋಸ್‌ನ ಕ್ರಿಯೇಟ್‌ಫೈಲ್ ಫಂಕ್ಷನ್‌ನಿಂದ ಫೋಲ್ಡರ್ ತೆರೆಯಬೇಕು. ಫೋಲ್ಡರ್ ತೆರೆಯುವಾಗ 'ಬ್ಯಾಕಪ್ ಸೆಮ್ಯಾಂಟಿಕ್ಸ್' ಅನ್ನುವ ಫ್ಲ್ಯಾಗ್ ಬೇಕೇ ಬೇಕು, ಇಲ್ಲದಿದ್ದರೆ ಹ್ಯಾಂಡಲ್ (ತೆರೆದ ಫೋಲ್ಡರನ್ನು ಸೂಚಿಸುವ ಗುರುತುಸಂಖ್ಯೆ) ಸಿಗುವುದಿಲ್ಲ. ಅನುಮತಿ ಕೇಳುವಾಗ ಆಟ್ರಿಬ್ಯೂಟ್ ಓದುವಷ್ಟು ಮಾತ್ರ ಕೇಳಿದರೆ ಸಾಕು. ಓದು, ಬರೆ, ಅಳಿಸು ಮೂರನ್ನೂ ಶೇರ್ ಮಾಡಿ ತೆರೆದರೆ ಬೇರೆ ಪ್ರೋಗ್ರಾಂಗಳ ಕೆಲಸಕ್ಕೆ ಅಡ್ಡಿ ಆಗುವುದಿಲ್ಲ.

ಆಮೇಲೆ ಆ ಹ್ಯಾಂಡಲನ್ನು ಗೆಟ್‌ಫೈಲ್‌ಇನ್ಫರ್ಮೇಶನ್‌ಬೈಹ್ಯಾಂಡಲ್‌ಇಎಕ್ಸ್ ಫಂಕ್ಷನ್‌ಗೆ ಕೊಡಬೇಕು. ಯಾವ ಮಾಹಿತಿ ಬೇಕು ಅಂತ ಹೇಳುವ ಸಂಖ್ಯೆ 23. ವಾಪಸ್ ಬರುವುದು ಬರೀ 4 ಬೈಟ್, ಒಂದೇ ಒಂದು ಫ್ಲ್ಯಾಗ್ಸ್ ಸಂಖ್ಯೆ. ಅದರ ಕೊನೆಯ ಬಿಟ್ 1 ಇದ್ದರೆ ಫೋಲ್ಡರ್ ಕೇಸ್ ಸೆನ್ಸಿಟಿವ್, 0 ಇದ್ದರೆ ಅಲ್ಲ. ಇಂಥ ಫಂಕ್ಷನ್‌ಗಳನ್ನು ಕರೆಯಲು ಪೈಥಾನ್‌ನ ಸಿಟೈಪ್ಸ್ ಬಳಸುವವರು ಕ್ರಿಯೇಟ್‌ಫೈಲ್ ಹಿಂತಿರುಗಿಸುವುದು ಹ್ಯಾಂಡಲ್ ಅಂತ ಮೊದಲೇ ಘೋಷಿಸಿ. ಹೇಳದಿದ್ದರೆ ಅದು 32 ಬಿಟ್‌ನ ಇಂಟ್ ಅಂತ ಓದಿಕೊಳ್ಳುತ್ತದೆ.

ಪರೀಕ್ಷೆಗೆ ಫೋಲ್ಡರ್ ಸಿದ್ಧ ಮಾಡುವುದಕ್ಕೆ ವಿಂಡೋಸ್‌ನಲ್ಲೇ ಎಫ್‌ಎಸ್‌ಯುಟಿಲ್ ಅನ್ನುವ ಸಾಧನ ಇದೆ. ಡಬ್ಲ್ಯುಎಸ್ಎಲ್ ಆನ್ ಮಾಡಿ, ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಪವರ್‌ಶೆಲ್‌ನಲ್ಲಿ ಅದರ 'ಸೆಟ್ ಕೇಸ್ ಸೆನ್ಸಿಟಿವ್ ಇನ್ಫೋ' ಆಜ್ಞೆ ಕೊಟ್ಟು ಖಾಲಿ ಫೋಲ್ಡರ್‌ಗೆ ಗುರುತು ಹಾಕಿದೆ. ಮಾರ್ಕ್ ಹೆಡರ್‌ಗಳನ್ನು ಒಳಗೆ ಹಾಕಿದೆ. ಎರಡೂ ಬೇರೆ ಬೇರೆಯಾಗಿ ಕೂತವು. ನನ್ನ ಫಂಕ್ಷನ್ 1 ಅಂತು. ಈಗ ಗುರುತು ತೆಗೆಯಲು ಹೋದರೆ ವಿಂಡೋಸ್ ಒಪ್ಪುವುದಿಲ್ಲ, ಕೇಸ್‌ನಲ್ಲಿ ಮಾತ್ರ ಬೇರೆ ಇರುವ ಹೆಸರುಗಳು ಒಳಗಿವೆ ಅನ್ನುತ್ತದೆ. ಈ ನಡವಳಿಕೆ ನನಗೆ ತುಂಬ ಹಿಡಿಸಿತು. ಕಾಪಿ ಮಾಡುವ ಪ್ರೋಗ್ರಾಂಗಳೂ ಇಷ್ಟು ಹುಷಾರಾಗಿದ್ದರೆ ನನ್ನದು ಬೇಕಾಗುತ್ತಲೇ ಇರಲಿಲ್ಲ.

ಉತ್ತರವನ್ನು ಹೌದು, ಅಲ್ಲ ಅಂತ ಎರಡರಲ್ಲಿ ಮುಗಿಸಿಲ್ಲ. 'ಗೊತ್ತಾಗಲಿಲ್ಲ' ಅಂತ ಮೂರನೆಯದೂ ಇದೆ. ಹಳೆಯ ವಿಂಡೋಸ್, ಈ ಸೌಲಭ್ಯ ಇಲ್ಲದ ಫೈಲ್ ಸಿಸ್ಟಮ್, ನೆಟ್‌ವರ್ಕ್ ಶೇರ್, ಹೀಗೆ ಪ್ರಶ್ನೆಯೇ ಎರರ್ ಆಗುವ ಜಾಗಗಳಿವೆ. ನೆಟ್‌ವರ್ಕ್‌ನಲ್ಲಂತೂ ಆ ತುದಿಯ ಮಷಿನ್ ಹೇಳಿದ್ದೇ ನಿಯಮ. ಎರರ್ ಬಂದಾಗ ಸೊನ್ನೆ ಅಂತ ಹೇಳಿಬಿಡುವುದು ಸುಲಭ, ಆದರೆ ಅದು ಊಹೆಯನ್ನು ಉತ್ತರ ಅಂತ ದಾಟಿಸಿದ ಹಾಗೆ.

ಗುರುತು ಇರುವುದು ಅಪ್ಪನ ಮನೆಯಲ್ಲಿ

ಇಡೀ ಕೆಲಸದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದು. ಒಂದು ಫೋಲ್ಡರ್‌ನ ಗುರುತು ಅದರ ಒಳಗಿರುವ ಹೆಸರುಗಳಿಗೆ ಅನ್ವಯಿಸುತ್ತದೆ, ಅದರ ಸ್ವಂತ ಹೆಸರಿಗಲ್ಲ. ಅದರ ಹೆಸರನ್ನು ಹೇಗೆ ನೋಡಬೇಕು ಅಂತ ತೀರ್ಮಾನಿಸುವುದು ಅದರ ಮೇಲಿನ ಫೋಲ್ಡರ್. ಹಾಗಾಗಿ ಎರಡು ಪಾತ್‌ಗಳು (ಡ್ರೈವ್‌ನಿಂದ ಫೈಲ್‌ವರೆಗಿನ ಪೂರ್ತಿ ವಿಳಾಸಗಳು) ಒಂದೇನಾ ಅಂತ ನೋಡಲು ಪೂರ್ತಿ ಸಾಲನ್ನು ಸ್ಮಾಲ್ ಮಾಡಿ ಹೋಲಿಸಿದರೆ ಆಗುವುದಿಲ್ಲ. ಡ್ರೈವ್‌ನಿಂದ ಶುರು ಮಾಡಿ ಒಂದೊಂದೇ ಮೆಟ್ಟಿಲು ಇಳಿಯಬೇಕು. ಪ್ರತಿ ಹೆಸರಿಗೂ ಅದರ ಅಪ್ಪ ಫೋಲ್ಡರನ್ನು ಕೇಳಬೇಕು. ಪ್ರತಿ ಸಲ ಹ್ಯಾಂಡಲ್ ತೆರೆದರೆ ನಿಧಾನ ಅಂತ ಒಮ್ಮೆ ಸಿಕ್ಕ ಉತ್ತರವನ್ನು ಆ ಓಟ ಮುಗಿಯುವವರೆಗೆ ನೆನಪಿಟ್ಟುಕೊಳ್ಳುತ್ತೇನೆ.

ಇಲ್ಲೇ ಪಾತ್‌ಗಳ ಕೆಲಸಕ್ಕೆಂದು ಪೈಥಾನ್‌ನಲ್ಲಿರುವ ಪಾತ್‌ಲಿಬ್ ಕೈಕೊಡುತ್ತದೆ. ವಿಂಡೋಸ್‌ನಲ್ಲಿ ಅದರ ಪಾತ್‌ಗಳು ಯಾವಾಗಲೂ ಕೇಸ್ ಬಿಟ್ಟೇ ಹೋಲಿಸುತ್ತವೆ. ಫೋಲ್ಡರ್ ಏನು ಹೇಳುತ್ತದೆ ಅಂತ ಕೇಳುವುದಿಲ್ಲ. ಎರಡು ಮಾರ್ಕ್ ಹೆಡರ್‌ಗಳು ಡಿಸ್ಕ್‌ನಲ್ಲಿ ಬೇರೆಯಾಗಿದ್ದರೂ ಡಿಕ್ಷನರಿಯಲ್ಲಿ ಒಂದೇ ಕೀ ಆಗಿಬಿಡುತ್ತವೆ. ಅದಕ್ಕೆ ನಾನು ಹೆಸರುಗಳನ್ನು ಬರೀ ಸ್ಟ್ರಿಂಗ್ ಆಗಿಯೇ ಇಟ್ಟುಕೊಂಡಿದ್ದೇನೆ.

ಕ್ಯಾಪಿಟಲ್ ಮಾಡುವುದರಲ್ಲೂ ಒಂದು ವಿಷಯ ಇದೆ. ಎನ್‌ಟಿಎಫ್‌ಎಸ್ ಪ್ರತಿ ವಾಲ್ಯೂಮ್‌ನಲ್ಲೂ ತನ್ನದೇ ಅಪ್‌ಕೇಸ್ ಟೇಬಲ್ (ಯಾವ ಅಕ್ಷರದ ಕ್ಯಾಪಿಟಲ್ ಯಾವುದು ಅನ್ನುವ ಪಟ್ಟಿ) ಇಟ್ಟುಕೊಂಡಿರುತ್ತದೆ: 65,536 ನಮೂದು, 128 ಕೆಬಿ. ಅದು ಒಂದು ಅಕ್ಷರಕ್ಕೆ ಒಂದೇ ಅಕ್ಷರ ಕೊಡುತ್ತದೆ. ಪೈಥಾನ್ ಜರ್ಮನ್‌ನ ಎಸ್‌ಜೆಟ್ (ß) ಅಕ್ಷರವನ್ನು ಎರಡು ಕ್ಯಾಪಿಟಲ್ ಎಸ್ ಮಾಡುತ್ತದೆ, ಎನ್‌ಟಿಎಫ್‌ಎಸ್ ಮಾಡುವುದಿಲ್ಲ. ಒಂದಕ್ಕೊಂದು ಬದಲಾಗುವ ಅಕ್ಷರಗಳನ್ನು ಮಾತ್ರ ಕ್ಯಾಪಿಟಲ್ ಮಾಡಿ ಹೋಲಿಸುತ್ತಿದ್ದೇನೆ.

ಕೇಳಿ ಸಿಗದಿದ್ದರೆ, ನೋಡಿ ತಿಳಿಯುವುದು

'ಗೊತ್ತಾಗಲಿಲ್ಲ' ಅಂತ ಬಂದಾಗ ಇನ್ನೊಂದು ಉಪಾಯ ಇದೆ. ಗಿಟ್ ಮಾಡುವುದು ಅದನ್ನೇ. ಹೊಸ ರೆಪೊಸಿಟರಿ ಶುರು ಮಾಡುವಾಗ 'ಕಾನ್ಫಿಗ್' ಅನ್ನುವ ತನ್ನ ಫೈಲ್ ಹೆಸರನ್ನು ಒಂದು ಕ್ಯಾಪಿಟಲ್ ಒಂದು ಸ್ಮಾಲ್ ಅಂತ ಬದಲಾಯಿಸಿ ಹುಡುಕುತ್ತದೆ. ಸಿಕ್ಕಿದರೆ ಈ ಜಾಗ ಕೇಸ್ ನೋಡುವುದಿಲ್ಲ ಅಂತ ಬರೆದುಕೊಳ್ಳುತ್ತದೆ. ತಾತ್ಕಾಲಿಕ ಫೈಲ್ ಬರೆದು ನೋಡುವುದು ಇನ್ನೊಂದು ರೀತಿ. ಬೇರೆಯವರ ಫೋಲ್ಡರ್‌ನಲ್ಲಿ ಕೇಳದೆ ಬರೆಯುವುದು ನನಗೆ ಇಷ್ಟವಿಲ್ಲ. ಅದಕ್ಕೆ ಈಗಾಗಲೇ ಇರುವ ಒಂದು ಫೈಲನ್ನೇ ಎತ್ತಿಕೊಂಡು, ಹೆಸರಿನ ಕೇಸ್ ತಿರುಗಿಸಿ ಹುಡುಕುತ್ತೇನೆ. ಸಿಗದಿದ್ದರೆ ಫೋಲ್ಡರ್ ಕೇಸ್ ಸೆನ್ಸಿಟಿವ್. ಸಿಕ್ಕಿದರೆ ಎರಡರ ಫೈಲ್ ಐಡಿ ಹೋಲಿಸುತ್ತೇನೆ. ಐಡಿ ಒಂದೇ ಇದ್ದು, ತಿರುಗಿಸಿದ ಹೆಸರು ಪಟ್ಟಿಯಲ್ಲಿ ಬೇರೆಯಾಗಿ ಇಲ್ಲದಿದ್ದರೆ ಅದು ಕೇಸ್ ನೋಡುವುದಿಲ್ಲ.

ನಮ್ಮಂಥವರ ಡ್ರೈವ್‌ಗಳಲ್ಲಿ ಇದಕ್ಕೆ ಒಂದು ತೊಡಕಿದೆ. ಕನ್ನಡ ಲಿಪಿಗೆ ಕ್ಯಾಪಿಟಲ್, ಸ್ಮಾಲ್ ಇಲ್ಲ. 'ಮದುವೆ ಫೋಟೋ', 'ಮನೆ ದಾಖಲೆ', 'ಹಾಡು' ಅಂತ ಫೋಲ್ಡರ್‌ಗಳಿದ್ದರೆ ಎಷ್ಟು ತಿರುಗಿಸಿದರೂ ಅದೇ ಹೆಸರು. ಹುಡುಕಿದರೆ ಅದೇ ಫೋಲ್ಡರ್ ಸಿಗುತ್ತದೆ, ಐಡಿಯೂ ಒಂದೇ. ಗಮನಿಸದೆ ಬರೆದ ಪ್ರೋಗ್ರಾಂ 'ಇದು ಕೇಸ್ ನೋಡಲ್ಲ' ಅಂತ ತೀರ್ಪು ಕೊಟ್ಟುಬಿಡುತ್ತದೆ. ಆದ್ದರಿಂದ ಎ ಇಂದ ಝಡ್‌ವರೆಗಿನ ಇಂಗ್ಲಿಷ್ ಅಕ್ಷರ ಒಂದಾದರೂ ಇರುವ ಹೆಸರನ್ನು ಮಾತ್ರ ಪರೀಕ್ಷೆಗೆ ತೆಗೆದುಕೊಳ್ಳುತ್ತೇನೆ. ಫೈಲ್ ಆದರೆ ಎಕ್ಸ್‌ಟೆನ್ಶನ್ ಸಾಕು, ಜೆಪಿಜಿ ಇದ್ದರೂ ಕೆಲಸ ನಡೆಯುತ್ತದೆ. ಬರೀ ಕನ್ನಡ ಹೆಸರಿನ ಫೋಲ್ಡರ್‌ಗಳಷ್ಟೇ ಇದ್ದರೆ ಉತ್ತರ 'ಗೊತ್ತಾಗಲಿಲ್ಲ' ಅಂತಲೇ ಉಳಿಯುತ್ತದೆ.

ಕನ್ನಡ ಹೆಸರುಗಳಿಗೆ ಕೇಸ್ ಕಾಟ ಇಲ್ಲ ನಿಜ, ಆದರೆ ಬೇರೆ ಕಾಟ ಇದೆ. 'ಕೊ' ಅನ್ನುವುದರ ಒತ್ವವನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ ಮತ್ತು ದೀರ್ಘ ಊಕಾರದ ಚಿಹ್ನೆ ಸೇರಿಸಿ ಎರಡಾಗಿಯೂ ಬರೆಯಬಹುದು. ಎರಡೂ ಸಮಾನ ಅಂತ ಯುನಿಕೋಡ್ ಹೇಳುತ್ತದೆ. ಎನ್‌ಟಿಎಫ್‌ಎಸ್‌ಗೆ ಅವು ಎರಡು ಬೇರೆ ಹೆಸರು. ಆಪಲ್‌ನ ಫೈಲ್ ಸಿಸ್ಟಮ್ ಎಪಿಎಫ್‌ಎಸ್‌ಗೆ ಒಂದೇ. ಹೀಗೆ 'ಕೊನೆ' ಅಂತ ಕಾಣುವ ಎರಡು ಫೈಲ್ ವಿಂಡೋಸ್‌ನಲ್ಲಿ ಆರಾಮಾಗಿ ಇದ್ದು, ಮ್ಯಾಕ್‌ಗೆ ಹೋದಾಗ ಡಿಕ್ಕಿ ಹೊಡೆಯಬಹುದು. ಇದನ್ನೂ ಹೆಸರುಗಾವಲಿನ ಪಟ್ಟಿಗೆ ಸೇರಿಸಿದ್ದೇನೆ.

ಮ್ಯಾಕ್‌ನಲ್ಲಿ ಕೇಸ್ ಪ್ರಶ್ನೆ ಕೇಳುವುದು ಸುಲಭ. ಪಾತ್‌ಕಾನ್ಫ್ ಅನ್ನುವ ಫಂಕ್ಷನ್‌ಗೆ 11 ಅನ್ನುವ ಸಂಖ್ಯೆ ಕೊಟ್ಟರೆ ಸಾಕು. ಅಲ್ಲಿ ಇದು ಇಡೀ ವಾಲ್ಯೂಮ್‌ನ ಗುಣ, ಫೋಲ್ಡರ್ ಫೋಲ್ಡರ್‌ಗೂ ಬದಲಾಗುವುದಿಲ್ಲ.

ಇನ್ನು ಉಳಿದದ್ದು ಲಿನಕ್ಸ್. 2019ರ 5.2 ಕರ್ನೆಲ್‌ನಿಂದ ಅದರ ಇಎಕ್ಸ್‌ಟಿ4 ಫೈಲ್ ಸಿಸ್ಟಮ್‌ನಲ್ಲೂ ಫೋಲ್ಡರ್ ಮಟ್ಟದಲ್ಲಿ ಕೇಸ್ ಬಿಡುವ ಸೌಲಭ್ಯ ಇದೆ, 'ಕೇಸ್‌ಫೋಲ್ಡ್' ಅಂತ. ಆ ಸೌಲಭ್ಯ ಆನ್ ಮಾಡಿದ ಫೈಲ್ ಸಿಸ್ಟಮ್‌ನಲ್ಲಿ, ಖಾಲಿ ಫೋಲ್ಡರ್‌ಗೆ ಮಾತ್ರ ಆ ಗುರುತು ಹಾಕಬಹುದು. ಓದುವುದಕ್ಕೆ ಫೋಲ್ಡರ್ ಫ್ಲ್ಯಾಗ್‌ಗಳನ್ನು ಕೇಳುವ ಐಒಕಂಟ್ರೋಲ್ ಅನ್ನುವ ಕರ್ನೆಲ್ ಕರೆ ಇದೆ. ಅಲ್ಲಿ ಹೋಲಿಕೆ ಯುನಿಕೋಡ್ ನಿಯಮದಂತೆ ನಡೆಯುತ್ತದೆ, ಆದ್ದರಿಂದ ಮೇಲೆ ಹೇಳಿದ 'ಕೊ' ಕೂಡ ಅಲ್ಲಿ ಒಂದೇ ಆಗಬೇಕು. ವರ್ಚುವಲ್ ಮಷಿನ್‌ನಲ್ಲಿ ಅಂಥ ಒಂದು ಡಿಸ್ಕ್ ಫಾರ್ಮ್ಯಾಟ್ ಮಾಡಿಟ್ಟಿದ್ದೇನೆ. ಮುಂದಿನ ಹಂತದಲ್ಲಿ ಮೊದಲು ಎರಡು 'ಕೊನೆ'ಗಳನ್ನೂ, ಆಮೇಲೆ ಎಸ್‌ಜೆಟ್ ಇರುವ ಹೆಸರುಗಳನ್ನೂ ಅದರೊಳಗೆ ಹಾಕಿ ನೋಡುತ್ತೇನೆ.